ಮಗ್ಗದ ಕುಣಿಯಲ್ಲಿ ಸಿಕ್ಕ ನೂಲು

ತಮ್ಮಾ ಉಳವಪ್ಪಾ,

ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಯ ಗಡಿಗೆಯಲ್ಲಿದೆ. ಮೊದಲು ಉಣ್ಣು, ಆಮೇಲೆ ಓದು.

ನಿನ್ನೆ ನಾವು ನೋಡಿದ ಹಿಂದಿ ಸಿನೆಮಾದಲ್ಲಿ ಆ ಅಕ್ಕ ಕಳ್ಳ ತಮ್ಮನನ್ನು ಬಚ್ಚಿಟ್ಟು ಪೊಲೀಸರಿಗೆ ಸುಳ್ಳು ಹೇಳಿದಾಗ ನಾನು ನಕ್ಕೆ. ನೀನು ಕಣ್ಣೊರೆಸಿಕೊಂಡು, "ಮತ್ತೇನ್ ಮಾಡ್ಬೇಕಿತ್ತು ಯಕ್ಕಾ ಆಕಿ?" ಎಂದೆ. ಹಿಂದಿ ಒಂದಕ್ಷರ ಬಾರದವನು ಅಷ್ಟು ಅತ್ತಾಗಲೇ ನನಗೆ ತಿಳಿಯಬೇಕಿತ್ತು.

ಇಂದು ಬೆಳಿಗ್ಗೆ ಮಗ್ಗದ ಕುಣಿಯಲ್ಲಿ ಕಾಲಿಟ್ಟರೆ, ನೇಕಾರರ ಸೊಸೈಟಿಯಿಂದ ಕಳುವಾದ, ರೇಷನ್ನಿನಂತೆ ಅಳೆದು ಕೊಡುವ ಕಂಟ್ರೋಲ್ ನೂಲಿನ ಗಂಟುಗಳು! ಅಷ್ಟರಲ್ಲಿ ಠಾಣೆಯ ಫೌಜದಾರ ಬಂದ.

"ಎಲ್ಲಿ ಅದಾನಬೇ ನಿನ್ನ ತಮ್ಮ?"

"ಸೊರಟೂರಿಗೆ ಹೋಗ್ಯಾನ್ರಿ. ನೂಲಿನ ಖಬರ ನಮಗಿಲ್ರಿ."

ಗಂಟುಗಳ ಮೇಲೆ ಕಾಲಿಟ್ಟುಕೊಂಡೇ ಸುಳ್ಳು ಹೇಳಿ, ಲಾಳಿ ಓಡಿಸಿದೆ. ಕುಣಿಯೊಳಗಿನ ಹಲಗೆಯನ್ನು ಕಾಲಿನಿಂದ ತುಳಿಯದೆ ಬಟ್ಟೆ ಹುಟ್ಟುವುದಿಲ್ಲವೆಂದು ಫೌಜದಾರನಿಗೆ ಗೊತ್ತಿಲ್ಲ. ಜೊತೆಗಿದ್ದ ಪೊಲೀಸ ಹನಮಪ್ಪನಿಗೆ ಗೊತ್ತು. ಅವನು ನಮ್ಮ ಓಣಿಯ ನೇಕಾರರ ಮಗ. ಅಲ್ಲಾಡದ ನನ್ನ ಮೊಣಕಾಲುಗಳನ್ನೇ ನೋಡಿ, ಫೌಜದಾರನ ಹಿಂದೆ ನಡೆದುಬಿಟ್ಟ.

ನೀನು ಮಾಡಿದ ಕಳವಿಗೆ ಸೊಸೈಟಿಯ ಕಾವಲುಗಾರ ತಿರಕಪ್ಪಜ್ಜನನ್ನು ಪೊಲೀಸ್ ಚೌಕಿಯಲ್ಲಿ ಕೂಡಿಹಾಕಿದ್ದಾರೆ. ಅವನಿಗೆ ಬುತ್ತಿ ಒಯ್ಯುತ್ತಿದ್ದೇನೆ. ನೀನು ನೂಲು ಹೊತ್ತುಕೊಂಡು ಅಲ್ಲಿಗೇ ಬಾ. ಓಡಿಹೋಗಬೇಡ. ಆ ಮುದುಕನ ಎದುರಿಗೆ ಫೌಜದಾರ ಇನ್ನೊಮ್ಮೆ ಕೇಳಿದರೆ ನನ್ನ ಬಾಯಿಂದ ಏನು ಬರುತ್ತದೋ ನನಗೇ ಗೊತ್ತಿಲ್ಲ. ಖರೆ ಬಂದರೆ ನೀನು ಹೋಗುತ್ತಿ, ಸುಳ್ಳು ಬಂದರೆ ಅವನು ಹೋಗುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ ಬಂದು ಮುಟ್ಟು, ನನ್ನಪ್ಪಾ.

ನಿಮ್ಮಕ್ಕ,
ನೀಲಗಂಗವ್ವ