ಕಿರುಬೆರಳಿನ ಗಾಯ ಕಿರುಗಾಯವಲ್ಲ

ಕುಸ್ತಿ ತರಬೇತಿ ನಿಲಯದ ಮೇಲುಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಬರುವ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಹಗ್ಗ ಹಿಡಿದು ಹದಿನೈದು ಅಡಿ ಮೇಲಕ್ಕೆ ಹತ್ತಬೇಕು, ಹತ್ತದಿದ್ದರೆ ನಿಲಯದ ಸೀಟು ರದ್ದು ಎಂದು ತಮ್ಮ ಕಚೇರಿಯಿಂದ ನನ್ನ ತಮ್ಮನ ಮಗಳಿಗೆ ನೋಟಿಸು ಬಂದಿದೆ. ಅವಳ ಬಲಗೈಗೆ ಶಸ್ತ್ರಚಿಕಿತ್ಸೆಯಾಗಿ ಐದು ವಾರವಾಗಿದೆ. ಹುಡುಗಿಗೆ ಹದಿನೇಳು ವರ್ಷ, ಹೆಸರು ಪದ್ಮಶ್ರೀ. ಗಾಬರಿಯಾಗಬೇಡಿ, ಅದು ಸರ್ಕಾರ ಕೊಟ್ಟಿದ್ದಲ್ಲ, ತೊಟ್ಟಿಲಲ್ಲಿ ನಾವೇ ಇಟ್ಟ ಹೆಸರು. ಸರ್ಕಾರ ಕೊಟ್ಟಿದ್ದು ಒಂದು ಸೀಟು. ಅದನ್ನು ಈಗ ಒಂದು ಶಬ್ದದ ಬಲದ ಮೇಲೆ ಕಿತ್ತುಕೊಳ್ಳಲು ಹೊರಟಿದೆ.

ಆರೇಳು ವಾರದ ಹಿಂದಿನ ಮಾತು. ಅಭ್ಯಾಸದಲ್ಲಿ ಎದುರಾಳಿಯ ಜೆರ್ಸಿಯೊಳಗೆ ಪದ್ಮಶ್ರೀಯ ಬಲಗೈ ಕಿರುಬೆರಳು ಸಿಕ್ಕಿಕೊಂಡಿತು. ಎದುರಿನವಳು ಕೊಸರಿಕೊಂಡಳು, ಟಕ್ ಎಂದಿತು. ರಕ್ತ ಬರಲಿಲ್ಲ, ಮೂಳೆ ಮುರಿಯಲಿಲ್ಲ. ಆದರೆ ಮುಷ್ಟಿ ಕಟ್ಟಿದರೆ ಉಳಿದ ಬೆರಳುಗಳು ಮಡಚಿಕೊಳ್ಳುತ್ತಿದ್ದವು, ಕಿರುಬೆರಳಿನ ತುದಿ ಮಾತ್ರ ನೆಟ್ಟಗೆ ನಿಲ್ಲುತ್ತಿತ್ತು. ಬೆರಳನ್ನು ಒಳಕ್ಕೆ ಎಳೆಯುವ ಹುರಿಯೇ ಹರಿದಿತ್ತು.

ಮೊದಲ ತಪ್ಪು ನನ್ನದು, ಅದನ್ನು ಮುಚ್ಚಿಡುವುದಿಲ್ಲ. ಅವಳು ಫೋನು ಮಾಡಿದಾಗ, "ಉಳುಕಿರ್ಬೇಕು ಕಣವ್ವ, ಎಳೆದು ಬಿಡು, ಸುಣ್ಣ-ಬೆಲ್ಲ ಹಚ್ಚು" ಎಂದವನು ನಾನೇ. ಗರಡಿಯ ಮಣ್ಣಲ್ಲಿ ಬೆಳೆದವರ ದಡ್ಡತನವಿದು. ನಮ್ಮಲ್ಲಿ ಬೆರಳಿಗೆ ಏನೇ ಆದರೂ ಅದು ಉಳುಕು, ಅದಕ್ಕಿರುವ ಒಂದೇ ಮದ್ದು ಎಳೆತ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನನ್ನ ಉಂಗುರಬೆರಳೂ ಹೀಗೇ ಟಕ್ ಎಂದಿತ್ತು. ಎಳೆದು ಬಿಟ್ಟರು. ಮೂರನೇ ದಿನ ಮತ್ತೆ ಅಖಾಡಕ್ಕೆ ಇಳಿದೆ. ಇವತ್ತಿಗೂ ಆ ಬೆರಳು ಮಡಚುವುದಿಲ್ಲ. ಎಮ್ಮೆಯ ಕೆಳಗೆ ಕೂತರೆ ಹಾಲು ಚೆಂಬಿಗೆ ಬೀಳುವುದಕ್ಕಿಂತ ಮೊಣಕಾಲಿಗೆ ಬೀಳುವುದೇ ಹೆಚ್ಚು. ನನ್ನ ಹೆಂಡತಿ ರಂಗವ್ವ ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ, "ಹಾರ ಹಾಕಿಸ್ಕೊಂಡ್ ಬಂದ ಪೈಲ್ವಾನ್ರೇ, ಒಂದ್ ಚೆಂಬು ಹಾಲು ಕರೆದು ಕೊಡ್ರಿ ನೋಡಾನ."

ನಿಲಯದ ತರಬೇತುದಾರ ನಿಂಗರಾಜ್ ನನಗಿಂತ ಬುದ್ಧಿವಂತರು. ಅದೇ ದಿನ ತಮಗೆ ಬರೆದರು: "ಬಲಗೈ ಕಿರುಬೆರಳಿಗೆ ಗಾಯವಾಗಿದೆ, ಹರಿಹರದ ಕೈ ವೈದ್ಯರ ಬಳಿ ಕಳಿಸಲು ಅನುಮತಿ ಬೇಕು." ನಿಲಯದ ಮಕ್ಕಳನ್ನು ಹೊರಗಿನ ವೈದ್ಯರಿಗೆ ತೋರಿಸಲು ತಮ್ಮ ಸಹಿ ಬೇಕಂತೆ. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಆದರೆ ಆ ಕಾಗದ ತಮ್ಮ ಕಚೇರಿಯ ಒಂದು ಟೇಬಲ್ಲಿನಿಂದ ಪಕ್ಕದ ಟೇಬಲ್ಲಿಗೆ ಹೋಗಲು ಹತ್ತು ದಿನ ಹಿಡಿಯಿತು. ಹನ್ನೊಂದನೇ ದಿನ ಉತ್ತರ ಬಂತು: "ಕಿರು ಗಾಯವಾದ್ದರಿಂದ ಹೊರಗಿನ ಚಿಕಿತ್ಸೆ ಅಗತ್ಯವಿಲ್ಲ. ಒಂದು ವಾರ ವಿಶ್ರಾಂತಿ ಸಾಕು."

ಸ್ವಾಮಿ, ಅರ್ಜಿಯಲ್ಲಿದ್ದ 'ಬೆರಳು' ಎಂಬ ಮೂರಕ್ಷರ ಎಲ್ಲಿ ಹೋಯಿತು? ಯಾವ ಫ್ಯಾನಿನ ಗಾಳಿಗೆ ಹಾರಿತು?

ಆ ಉತ್ತರ ಹಿಡಿದುಕೊಂಡು ನಿಂಗರಾಜ್ ಕಾಯಲಿಲ್ಲ. ಸ್ವಂತ ಸ್ಕೂಟರಿನಲ್ಲೇ ಅವಳನ್ನು ಹರಿಹರಕ್ಕೆ ಕರೆದೊಯ್ದರು. ವೈದ್ಯರು ನೋಡಿದವರೇ ಬೈದರು. "ವಾರದೊಳಗೆ ತಂದಿದ್ರೆ ಸುಲಭ ಇತ್ತಲ್ರಿ. ಹರಿದ ಹುರಿ ಅಂಗೈ ತನಕ ಜಾರೈತೆ." ಮರುದಿನ ಅಂಗೈ ಸೀಳಿ, ಜಾರಿದ್ದನ್ನು ಹುಡುಕಿ ತಂದು ಹೊಲಿದರು. ಆರು ವಾರ ಪಟ್ಟಿ, ಹನ್ನೆರಡು ವಾರ ಬಲವಾದ ಹಿಡಿತ ಕೂಡದು ಎಂದು ಬರೆದುಕೊಟ್ಟರು. ಆ ಚೀಟಿ ಹಿಡಿದು ನಾನು ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

"ನೋಡ್ರಿ ಯಜಮಾನ್ರೇ, ಇದ್ರಾಗೆ ಮೂರೇ ಐತೆ. ಕಿರು, ಮಧ್ಯಮ, ಗಂಭೀರ. ನಿಮ್ದು ಕಿರು."

"ಕಿರು ಅಂದಿದ್ದು ಬೆರಳಿಗೆ ಸ್ವಾಮಿ, ಗಾಯಕ್ಕಲ್ಲ."

"ಅಷ್ಟು ಸಣ್ಣ ಬೆರಳಿಗೆ ಎಷ್ಟು ದೊಡ್ಡ ಗಾಯ ಆದೀತು, ಬಿಡ್ರಿ."

"ಹಂಗಾರೆ ನಡುಬೆರಳಿಗೆ ಆಗಿದ್ರೆ ಮಧ್ಯಮ, ಹೆಬ್ಬೆರಳಿಗೆ ಆಗಿದ್ರೆ ಹೆಗ್ಗಾಯ ಅಂತ ಬರೀತಿದ್ರೇನ್ರಿ?"

ಪಕ್ಕದ ಟೇಬಲ್ಲಿನವರು ನಕ್ಕರು. ಇವರು ನಗಲಿಲ್ಲ. "ತಿದ್ದಾಕೆ ಬರಲ್ಲ, ಲಾಕ್ ಆಗೈತೆ. ಸಾಹೇಬ್ರು ಬರ್ತಾರೆ, ಕೂಡ್ರಿ."

ಕೂತೆ. ನಾಲ್ಕು ದಿನ ಬೇರೆ ಬೇರೆ ವಾರಗಳಲ್ಲಿ ಬಂದು ಕೂತೆ. ಸಾಹೇಬರು, ಅಂದರೆ ತಾವು, ಬರಲಿಲ್ಲ. ತಮ್ಮ ಬದಲಿಗೆ, ಕಿರು ಗಾಯ ಇಷ್ಟರಲ್ಲಿ ವಾಸಿಯಾಗಿರಬೇಕು ಎಂಬ ಆ ಹಗ್ಗದ ನೋಟಿಸು ಬಂತು.

ನಮ್ಮಜ್ಜಿ ಉಚ್ಚೆಂಗೆಮ್ಮ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ರಾಜನ ಪಟ್ಟದಾನೆಯ ಕಾಲಿಗೆ ಮುಳ್ಳು ಚುಚ್ಚಿತಂತೆ. ಮಂತ್ರಿ ಮುಳ್ಳನ್ನು ದಾರ ಹಿಡಿದು ಅಳೆದ. "ಒಂದಂಗುಲದ ಮುಳ್ಳು, ಒಂದಂಗುಲದ ಮದ್ದು ಸಾಕು" ಎಂದ. ಯುದ್ಧದ ದಿನ ಆನೆ ಬಯಲಲ್ಲಿ ಮಲಗಿಬಿಟ್ಟಿತು. ರಾಜ ಕೂಗಾಡಿದಾಗ ಮಂತ್ರಿ ಕೈ ಮುಗಿದು, "ಮುಳ್ಳು ಸಣ್ಣದೇ ಪ್ರಭು, ಆನೆಯೇ ಯಾಕೋ ದೊಡ್ಡದಾಗಿಬಿಟ್ಟಿದೆ" ಎಂದನಂತೆ. ಅಜ್ಜಿ ಇದನ್ನು ನಗಿಸಲು ಹೇಳುತ್ತಿದ್ದಳು. ಆ ಮಂತ್ರಿಗೆ ನಮ್ಮ ಜಿಲ್ಲೆಗೇ ವರ್ಗವಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಮಂಡಿಪೇಟೆಯ ಹತ್ತಿರದ ಹಳೆಯ ಗರಡಿಯಲ್ಲಿ ಕುಸ್ತಿ ಕಲಿಸುವ ಫಜಲುಲ್ಲಾ ಎಂಬ ವಸ್ತಾದರಿದ್ದಾರೆ. ನನ್ನ ಜೊತೆ ಮಣ್ಣು ಹೊತ್ತವರು. ಅವರ ಹತ್ತಿರ ಗೋಳು ಹೇಳಿಕೊಂಡೆ. "ಹಿಡಿತಕ್ಕೆ ಹೆಬ್ಬೆರಳು ಬಾಗಿಲು, ಕಿರುಬೆರಳು ಚಿಲಕ ಕಣಣ್ಣ. ಚಿಲಕ ಕಿತ್ತ ಬಾಗಿಲು ಇಟ್ಕಂಡು ಏನ್ಮಾಡ್ತೀಯ?" ಎಂದರು. ನಂಬಿಕೆ ಬರದಿದ್ದರೆ ಕಿರುಬೆರಳನ್ನು ಹೊರಗೆ ಬಿಟ್ಟು ತುಂಬಿದ ಕೊಡವೊಂದನ್ನು ಎತ್ತಿ ನೋಡಿ. ತಮ್ಮ ಕಚೇರಿಯಲ್ಲಿ ನೀರಿನ ಕೊಡ ಎತ್ತುವವರು ಬೇರೆ ಇರುತ್ತಾರೆ, ನಿಜ. ಒಂದು ದಿನ ತಾವೇ ಎತ್ತಿ.

ಈಗ ಹರಿಹರದಲ್ಲಿ ಶಾಂತಲಾ ಎಂಬ ಮೇಡಂ ಅವಳ ಕೈಗೆ ವ್ಯಾಯಾಮ ಮಾಡಿಸುತ್ತಾರೆ. ಪಟ್ಟಿ ಸಡಿಲಿಸಿ, ಎಡಗೈಯಿಂದ ಬಲಗೈ ಬೆರಳನ್ನು ಮೆಲ್ಲಗೆ ಮಡಿಸಬೇಕು, ಮೆಲ್ಲಗೆ ಬಿಡಿಸಬೇಕು. ದಿನವೆಲ್ಲ ಅದೇ. ಎಂಬತ್ತು ಕೇಜಿಯವರನ್ನು ಎತ್ತಿ ಒಗೆಯುವ ಹುಡುಗಿ ಒಂದು ಬೆರಳು ಒಂದಿಷ್ಟು ಬಾಗಿತೆಂದು ಹಲ್ಲು ಕಚ್ಚಿ ನಗುವುದನ್ನು ತಾವು ನೋಡಬೇಕಿತ್ತು. ತಮ್ಮ ಹಾಜರಿ ಪುಸ್ತಕದಲ್ಲಿ ಈ ದಿನಗಳೆಲ್ಲ ಗೈರು.

ಮೊನ್ನೆ ಅವಳು ಕೇಳಿದಳು. "ಮೇಡಂ, ಒಂದೇ ಸಲ ಹಗ್ಗ ಹತ್ತಿದ್ರೆ ಏನಾಗ್ತೈತ್ರಿ?"

"ಹೊಲಿಗೆ ಕಿತ್ತು ಬರ್ತೈತೆ. ಎರಡನೇ ಸಲ ಹೊಲಿಯೋದು ಕಷ್ಟ ಐತವ್ವ."

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಕಡೆ ತಿರುಗಲೇ ಇಲ್ಲ. "ದೊಡ್ಡಪ್ಪ, ಹತ್ತಿಬಿಡ್ತೀನಿ. ಹೋದ್ರೆ ಒಂದು ಬೆರಳು ಹೋಗ್ತೈತೆ. ಸೀಟು ಹೋದ್ರೆ ಕುಸ್ತಿನೇ ಹೋಗ್ತೈತೆ."

"ಬೆರಳು ಹೋದ್ಮ್ಯಾಲೆ ಎಲ್ಲಿ ಕುಸ್ತಿ ಮಗಾ?"

"ನೀವು ಆಡಿಲ್ವಾ, ಬೆರಳು ಮುರ್ಕೊಂಡು?"

ನನ್ನ ಆ ಮಡಚದ ಬೆರಳನ್ನು ನಮ್ಮೂರು ಆನಗೋಡಿನ ಕಟ್ಟೆಯ ಮೇಲೆ ಪದಕದ ಹಾಗೆ ತೋರಿಸಿ, ಅವಳು ಚಿಕ್ಕವಳಿದ್ದಾಗಿಂದ ಕಥೆ ಹೊಡೆದವನು ನಾನು. ಬೆರಳು ಹೋದ ಮೇಲೆ ನಾನು ಆಡಿದ್ದು ಎರಡೇ ಕುಸ್ತಿ, ಎರಡರಲ್ಲೂ ಹಿಡಿತ ಜಾರಿ ಬೆನ್ನು ಮಣ್ಣಿಗೆ ತಾಗಿತು ಎಂದು ಆ ಕಥೆಯಲ್ಲಿ ಎಂದೂ ಹೇಳಿರಲಿಲ್ಲ. ಈಗ ಊರೆಲ್ಲ ಓದುವ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ. ಅವಳೂ ಓದಲಿ. ನನ್ನ ಮರ್ಯಾದೆ ಹೋದರೆ ಹೋಗಲಿ, ಅವಳ ಕೈ ಉಳಿಯಬೇಕು.

ಆದ್ದರಿಂದ ಕೇಳುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಆ ನೋಟಿಸನ್ನು ಸೋಮವಾರದೊಳಗೆ ಹಿಂದಕ್ಕೆ ಪಡೆಯಿರಿ. ವೈದ್ಯರು ಹೇಳಿದ ಹನ್ನೆರಡು ವಾರ ಮುಗಿಯುವವರೆಗೆ ಅವಳ ಸೀಟು ಅವಳದ್ದೇ ಎಂದು ಬರೆದುಕೊಡಿ. ಹರಿಹರದ ವ್ಯಾಯಾಮದ ದಿನಗಳನ್ನು ಹಾಜರಿಗೆ ಹಿಡಿಯಿರಿ, ಅವಳಿಗೆ ಮಾತ್ರವಲ್ಲ, ಕೈ ಕಾಲು ಪೆಟ್ಟು ತಿಂದ ನಿಲಯದ ಎಲ್ಲ ಮಕ್ಕಳಿಗೂ. ಗಾಯ ದೊಡ್ಡದೋ ಸಣ್ಣದೋ ಎಂದು ವೈದ್ಯರು ಹೇಳಲಿ, ಕಂಪ್ಯೂಟರು ಬೇಡ.

ತಾವು ಬರೆಯದಿದ್ದರೂ ಸೋಮವಾರ ಏಳು ಗಂಟೆಗೆ ನಾವು ಬರುತ್ತೇವೆ. ಹಗ್ಗದ ಬುಡದಲ್ಲಿ ನಾನು ನಿಂತಿರುತ್ತೇನೆ. ಅವಳೇ ಹತ್ತುತ್ತೇನೆಂದು ಬಂದರೂ ಬಿಡುವುದಿಲ್ಲ. ಸೀಟು ರದ್ದು ಮಾಡಲೇಬೇಕಿದ್ದರೆ ತಾವೇ ಅಲ್ಲಿಗೆ ಬನ್ನಿ. ಮೊದಲು ಅವಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಸಹಿ ಹಾಕಿ.

ಇಂತಿ,
ಸೋತ ಕಥೆಯನ್ನು ತಡವಾಗಿ ಹೇಳಿದ ಮಾಜಿ ಪೈಲ್ವಾನ
ಮೈಲಾರಲಿಂಗಪ್ಪ, ಆನಗೋಡು