ಅಕ್ಕನ ವಯಸ್ಸಿನಲ್ಲಿ ಓಡುವವಳು

ಜೂನ್ ೩, ಬೆಳಿಗ್ಗೆ

ಮೈದಾನ ಇನ್ನೂ ಒದ್ದೆ. ಮಕ್ಕಳಿಗೆ ಮೊದಲು ನಡಿಗೆ, ಆಮೇಲೆ ಓಟ. ನಡೆಯುವ ಸುತ್ತಿನಲ್ಲೂ ಓಡಿದವಳು ಒಬ್ಬಳೇ — ಜಿಂಕೆಯಂತೆ ಜಿಗಿಯುವ ಕಾರಣಕ್ಕೆ ನಾನು ಚಿಗರಿ ಎಂದು ಕರೆಯುವ ಹುಡುಗಿ. ಬೈದೆ. ನಕ್ಕಳು. ಆ ಕಾಲುಗಳಲ್ಲಿ ಏನೋ ಇದೆ; ಇಷ್ಟು ವರ್ಷ ಸೀಟಿ ಊದಿದವನ ಮಾತು, ಹೊಗಳಿಕೆಯಲ್ಲ. ಸೆಪ್ಟೆಂಬರಿನಲ್ಲಿ ಕಿರಿಯರ ಆಯ್ಕೆ. ಗೆದ್ದರೆ ಕ್ರೀಡಾ ಹಾಸ್ಟೆಲು, ಊಟ, ಓದು ಎಲ್ಲವೂ ಅವರದೇ.

ಜನನ ಪ್ರಮಾಣಪತ್ರ ತಂದಿದ್ದಳು. ಎರಡು ಸಲ ಲೆಕ್ಕ ಹಾಕಿದೆ. ಹದಿನೆಂಟು ದಾಟಿದೆ. ಕಿರಿಯರ ತಂಡಕ್ಕೆ ಸಲ್ಲದು. ಆದರೆ... ಬೂಟು ಇನ್ನೂ ಆರಾರು ತಿಂಗಳಿಗೆ ಚಿಕ್ಕದಾಗುವ ಈ ಹುಡುಗಿಗೆ ಹದಿನೆಂಟೆ?

ಜೂನ್ ೫

ತಾಯಿಯನ್ನು ಕರೆಸಿದ್ದೆ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಜೋಡಿಸುವವರು. ತೋಳಿಗೆ ದಾರದ ಚೂರು ಅಂಟಿಕೊಂಡೇ ಬಂದರು.

"ಆ ಕಾಗದ ಇವಳ್ದಲ್ಲ ಸಾರ್. ದೊಡ್ಡವಳದು. ಮಾತು ಬರೋ ಮೊದ್ಲೇ ಜ್ವರ ಬಂದು ಹೋದ್ಲು. ಇವಳು ಮನೇಲೇ ಹುಟ್ಟಿದ್ದು, ಎಲ್ಲೂ ಬರೆಸ್ಲಿಲ್ಲ. ಸ್ಕೂಲಿಗೆ ಸೇರಿಸೋವಾಗ ಕಾಗದ ಕೇಳಿದ್ರು. ಮನೇಲಿದ್ದಿದ್ದು ಅದೊಂದೇ. ಕೊಟ್ಟೆ. ಕಾಗದದ ಜೊತೆ ಹೆಸರೂ ಬಂತು."

ಈಗ ಅರ್ಥವಾಯಿತು. ಈ ತಾಯಿ ಮಗಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಯಾವಾಗಲೂ ಪುಟ್ಟಿ.

"ದೊಡ್ಡವಳು ತೀರಿಕೊಂಡದ್ದನ್ನ ಬರೆಸಿದ್ರಾ?"

ಇಲ್ಲ.

"ಇವಳಿಗೆ ಗೊತ್ತಾ?"

ಅದೂ ಇಲ್ಲ.

ಜೂನ್ ೯

ತಾಯಿಯ ಜೊತೆ ನೋಂದಣಿ ಕಚೇರಿಗೆ. ಗುಮಾಸ್ತ ಎಲ್ಲವನ್ನೂ ಕೇಳಿ ಕನ್ನಡಕ ಮೇಲಕ್ಕೇರಿಸಿದ. "ದಾಖಲೆ ಪ್ರಕಾರ ದೊಡ್ಡವಳು ಗುಂಡುಕಲ್ಲಿನ ಹಾಗಿದ್ದಾಳೆ ಸಾರ್, ಸ್ಕೂಲಿಗೂ ಹೋಗ್ತಿದ್ದಾಳೆ. ಅವಳು ಸಾಯೋವರೆಗೂ ಇವಳು ಹುಟ್ಟೋ ಹಾಗಿಲ್ಲ."

ಬಾಯಿತಪ್ಪಿ ಆಡಿದ ತಮಾಷೆ. ತಾಯಿಯ ಮುಖ ಕಂಡು ಅವನೇ ತಲೆ ತಗ್ಗಿಸಿದ. "ತಪ್ಪು ತಿಳ್ಕೋಬೇಡಿ ಅಮ್ಮ. ಮೊದ್ಲು ಮರಣ ನೋಂದಣಿ, ಆಮೇಲೆ ಇವಳ ಜನನ. ತಡವಾಗಿರೋದ್ರಿಂದ ಮೇಲಿನವರ ಆದೇಶ ಬೇಕು, ಸಾಕ್ಷಿ ಬೇಕು. ಇಲ್ಲೊಂದು ಸಹಿ ಹಾಕಿ."

ಪೆನ್ನು ಹಿಡಿದರು. ಇಟ್ಟರು.

"ಬದುಕಿರೋ ಮಗಳ ಹೆಸರು ಬರೆದು, ಸತ್ಲು ಅಂತ ಸಹಿ ಹಾಕ್ಲಾ? ನನ್ನ ಕೈಲಾಗಲ್ಲ."

ಎದ್ದು ಹೊರಟುಹೋದರು. ಸೋತ ಮಕ್ಕಳನ್ನು ಎಷ್ಟೋ ಸಲ ಸಂತೈಸಿದ್ದೇನೆ. ಇಂದು ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು ಇವರ ಹಿಂದೆ ನಡೆದೆ.

ಜೂನ್ ೧೦

ತಾಯಿಯೇ ಮಗಳಿಗೆ ಹೇಳಿದ್ದಾರೆ. ಅಭ್ಯಾಸ ಮುಗಿದ ಮೇಲೆ ಬಂದು ನನ್ನ ಪಕ್ಕ ಕುಳಿತಳು. ಬಹಳ ಹೊತ್ತು ಬೂಟಿನ ದಾರ ಬಿಚ್ಚಿದಳು, ಕಟ್ಟಿದಳು.

"ನಂಗೊಬ್ಳು ಅಕ್ಕ ಇದ್ಲಂತೆ ಸಾರ್."

ಹೂಂ ಎಂದೆ.

"ಇಷ್ಟು ದಿನ ಅವಳ ವಯಸ್ಸಲ್ಲಿ ನಾನು ಓಡ್ತಿದ್ದೆ... ಹೆಸರು ಅವಳಿಗೇ ವಾಪಸ್ ಕೊಟ್ಬಿಡೋಣ. ಅಮ್ಮ ನಂಗೆ ಬೇರೆ ಇಡ್ಲಿ. ಆಗ ಸಹಿ ಹಾಕ್ತಾಳಲ್ವಾ?"

ಶಾಲೆಯ ದಾಖಲೆಯನ್ನೂ ತಿದ್ದಿಸಬೇಕು, ತಡವಾದರೆ ಈ ವರ್ಷದ ಆಯ್ಕೆ ಕೈತಪ್ಪಬಹುದು ಎಂದೆ. ಮುಚ್ಚಿಡುವುದು ಸರಿಯಲ್ಲ.

"ತಪ್ಪಿದ್ರೆ ಬರೋ ವರ್ಷ! ಈಗ ನಂಗೆ ಎರಡು ವರ್ಷ ಜಾಸ್ತಿ ಸಿಕ್ತಲ್ಲ ಸಾರ್."

ಅಳುತ್ತಲೇ ನಕ್ಕಳು. ಮಕ್ಕಳಿಗೆ ನಾವು ಕಲಿಸುತ್ತೇವೆ ಎಂಬುದು ನಮ್ಮದೊಂದು ಭ್ರಮೆ.

ಜೂನ್ ೧೨

ತಾಯಿ ಸಹಿ ಹಾಕಿದರು. ಅಕ್ಷರಗಳನ್ನು ಹೊಲಿಗೆಯಂತೆ ಒಂದೊಂದಾಗಿ ಜೋಡಿಸಿ. ಅಳಲಿಲ್ಲ. ಇನ್ನೊಂದು ಅರ್ಜಿಯಲ್ಲಿ ಗುಮಾಸ್ತ ಮಗುವಿನ ಹೆಸರು ಕೇಳಿದ. ತಾಯಿ ಮಗಳನ್ನು ಆಗತಾನೇ ಕೈಗೆ ಕೊಟ್ಟ ಕೂಸಿನಂತೆ ನೋಡಿದರು.

"ನಾಳೆ ಹೇಳ್ಲಾ?"

"ಇಷ್ಟು ವರ್ಷ ಕಾದಿದೆ, ಒಂದು ದಿನ ಕಾಯಲ್ವಾ? ಯೋಚಿಸಿ ಬನ್ನಿ ಅಮ್ಮ."

ಆಗಸ್ಟ್ ೨೮

ಎಷ್ಟು ದಿನವಾಯಿತು ಬರೆದು. ತಂದೆಯ ಸಹಿಯೂ ಬೇಕೆಂದರು; ತಾಯಿ ಗಂಡನಿಂದ ಬೇರೆಯಾದವರೆಂದಾಗ ವಿಚ್ಛೇದನದ ಆದೇಶದ ಪ್ರತಿ ಕೇಳಿದರು, ಕೋರ್ಟಿನಿಂದ ತೆಗೆಸಿದೆವು. ಹೆರಿಗೆಯ ಹೊತ್ತಿನಲ್ಲಿ ಜೊತೆಗಿದ್ದ ನೆರೆಮನೆಯಾಕೆ ಕೋಲೂರಿಕೊಂಡು ಬಂದು ಸಾಕ್ಷಿ ಹೇಳಿದರು — "ಇವಳು ಹೊರಗೆ ಬರೋಕೂ ಅವಸರ ಮಾಡಿದ್ಲು!" ಅಧಿಕಾರಿಯೂ ನಕ್ಕರು.

ಇಂದು ಎರಡು ಪ್ರಮಾಣಪತ್ರಗಳೂ ಒಟ್ಟಿಗೇ ಬಂದವು. ಮರಣದ್ದನ್ನು ತಾಯಿ ಯಾರ ಕೈಗೂ ಕೊಡಲಿಲ್ಲ. ಜನನದ್ದನ್ನು ಚಿಗರಿ ತಾಯಿಗೂ ಕೊಡಲಿಲ್ಲ. ಶಾಲೆಯವರು ನಾಳೆ ತಿದ್ದಿಕೊಡುತ್ತಾರೆ. ಅರ್ಜಿಗೆ ಇನ್ನೂ ಸಮಯವಿದೆ. ಇದೆ!

ಸೆಪ್ಟೆಂಬರ್ ೧೪, ಮೈದಾನದ ಬದಿಯಲ್ಲಿ

ಅವಳ ಪಾಳಿ. ಮೈಕಿನಲ್ಲಿ ಓಟಗಾರರ ಹೆಸರು ಕೂಗಿದರು. ಗೆರೆಯ ಮೇಲೆ ಒಂದು ಜಾಗ ಖಾಲಿ. ಮತ್ತೆ ಕೂಗಿದರು. ಚಿಗರಿ ಅದಾರೋ ಬೇರೆಯವಳೆಂದು ಸುತ್ತಲೂ ಹುಡುಕುತ್ತಿದ್ದಾಳೆ. ನನಗೂ ಅರೆಕ್ಷಣ ಹೊಳೆಯಲಿಲ್ಲ.

ಬೇಲಿಯ ಆಚೆಯಿಂದ ತಾಯಿಯ ಕೂಗು. ಅದೇ ಹೊಸ ಹೆಸರು, ಗಂಟಲು ಹರಿಯುವಂತೆ. ಆಮೇಲೆ — "ನಿನ್ನನ್ನೇ ಕಣೇ ಕರೀತಿರೋದು! ನೀನೇ! ಹೋಗೇ!"

ಓಡಿದಳು. ಗೆರೆಯ ಮೇಲೆ ಬಾಗಿದ್ದಾಳೆ. ಇನ್ನು ಬರೆಯಲಾಗದು, ನೋಡಬೇಕು —