ಮೆಲ್ಲಗೆ ಇಳಿಸುವ ಕೈ

ನವೆಂಬರ್ 11, ಬೆಳಿಗ್ಗೆ

ಎಡ ಸ್ಕೇಟಿಂಗ್ ಬೂಟಿನ ಲೇಸು ಬಿಚ್ಚಿ ಮತ್ತೆ ಬಿಗಿದೆ. ಬ್ಲೇಡ್ ಸಾಣೆಗೆ ಹೋಗಿ ಬಂದಿದೆ. ಸ್ವಲ್ಪ ಹೊತ್ತು ಐಸ್ ಅಪರಿಚಿತ. ನೋಯುವ ಸೊಂಟ ಇವತ್ತು ಸುಮ್ಮನಿದೆ. ರೊದ್ಯಾ ಎಂದಿನಂತೆ ತಡ, ಬಾಯಲ್ಲಿ ಬ್ರೆಡ್ಡು. ಮಕ್ಕಳಾಗಿದ್ದಾಗಿನಿಂದ ನಾವು ಜೋಡಿ. ಐಸ್ ಮೇಲೆ ಮಾತ್ರ. ಅವನ ಮನೆಯಲ್ಲಿ ಹೆಂಡತಿ, ಮಗಳು. ನನ್ನ ಮನೆಯಲ್ಲಿ ರೇಡಿಯೊ.

ನವೆಂಬರ್ 14

ಕಜಾನ್ ಸ್ಪರ್ಧೆಯ ವಿಡಿಯೊ. ನಾಲ್ಕನೇ ಸ್ಥಾನ. ಕೋಚ್ ಇನೆಸ್ಸಾ ಲ್ವೋವ್ನಾ ಎತ್ತಿ ಇಳಿಸುವ ಭಾಗದಲ್ಲಿ ಅದನ್ನು ನಿಲ್ಲಿಸಿದರು. ರೊದ್ಯಾ ನನ್ನನ್ನು ಎತ್ತಿದ್ದಾನೆ, ಇಳಿಸಬೇಕು.

"ಇಲ್ಲಿ ನೋಡು ರೊದ್ಯಾ. ಸಂಗೀತ ಮುಂದೆ ಹೋಯ್ತು, ನೀನಿನ್ನೂ ಗಾಜಿನ ಲೋಟ ಇಡೋ ಹಾಗೆ ಇಡ್ತಿದ್ದೀಯ."

"ಐಸ್ ಕೆಟ್ಟದಿತ್ತು, ಇನೆಸ್ಸಾ ಲ್ವೋವ್ನಾ."

"ನಿಂಗೊಬ್ಬನಿಗೇ ಕೆಟ್ಟಿತ್ತಾ?"

ಅವನು ನಕ್ಕ. ನಾನು ನಗಲಿಲ್ಲ. ಜೋಪಾನ ಮಾಡುತ್ತಿರುವುದು ನನ್ನ ಸೊಂಟವನ್ನು. ಯಾವಾಗಿನಿಂದ... ಕೇಳಲಿಲ್ಲ.

ನವೆಂಬರ್ 19

ಸಮಾರಾದಿಂದ ಸ್ತೇಶಾ ಎಂಬ ಹುಡುಗಿ. ಹದಿನೇಳು. ಜೊತೆಗಾರನಿಲ್ಲ. ನಮ್ಮಲ್ಲಿ ಹುಡುಗಿಯರು ಸಾಲುಗಟ್ಟಿ ಕಾಯುತ್ತಾರೆ, ಗಂಡು ಸಿಗುವುದಿಲ್ಲ. ಹೀಗೆ ಬೇರೆಯವರ ಜೊತೆಗಾರನೊಂದಿಗೆ ಒಂದು ಗಂಟೆ ಜಾರಿಸಿ ನೋಡುತ್ತಾರೆ. ಇವತ್ತು ರೊದ್ಯಾ ಜೊತೆ.

"ಸುಮ್ನೆ ನೋಡೋಣ ಅಂತ ಅಷ್ಟೇ, ಉಲ್ಯಾ," ಅಂದರು ಕೋಚ್, ನನ್ನ ಮುಖ ನೋಡದೆ.

ಅಂಚಿನಾಚೆ ಕುಳಿತು ಥರ್ಮೋಸಿನ ಚಹಾ ಕುಡಿದೆ. ಹುಡುಗಿ ಹೆದರುತ್ತಾಳೆ, ಅವನಿಂದ ದೂರ ನಿಲ್ಲುತ್ತಾಳೆ. ನಡುವೆ ಮೂರನೆಯವರು ಹಾಯಬಹುದು. ಆದರೆ ಎತ್ತಿದವಳನ್ನು ಇಳಿಸಿದ ರೀತಿ... ರೊದ್ಯಾನ ಆ ವೇಗ. ಮರೆತೇಬಿಟ್ಟಿದ್ದೆ.

ಡಿಸೆಂಬರ್ 2

ಸ್ತೇಶಾಳನ್ನು ಮಾಸ್ಕೋದವರೂ ಕರೆದಿದ್ದಾರಂತೆ. ಶುಕ್ರವಾರದೊಳಗೆ ನಾವು ಕೋಚ್‌ಗೆ ತಿಳಿಸಬೇಕು — ಈ ಚಳಿಗಾಲವನ್ನು ನಾವಿಬ್ಬರೇ ಮುಗಿಸುವುದೋ, ರೊದ್ಯಾ ಅವಳ ಜೊತೆ ಈಗಲೇ ಶುರು ಮಾಡುವುದೋ.

"ನಾಳೆ ನನ್ನ ಜೋಪಾನ ಮಾಡ್ಬೇಡ," ಅಂದೆ ಅವನಿಗೆ. "ಅವಳನ್ನ ಇಳಿಸಿದ ಹಾಗೇ ಇಳಿಸು."

"ನಾನೆಲ್ಲಿ ಜೋಪಾನ ಮಾಡ್ತೀನಿ?"

"ಇಷ್ಟು ವರ್ಷ ಆಯ್ತು, ಒಂದು ಸುಳ್ಳು ಸರಿಯಾಗಿ ಹೇಳೋಕೆ ಬರಲ್ಲ ನಿಂಗೆ."

ಡಿಸೆಂಬರ್ 3

ಇಳಿಸಿದ. ಸರಿಯಾಗಿ ತಾಳದ ಮೇಲೆ. ಎಡಗಾಲು ನಿಂತಿತು, ಓಟ ತುಂಡಾಗಲಿಲ್ಲ. ಹಳೆಯ ನಾವು. ಇನೆಸ್ಸಾ ಲ್ವೋವ್ನಾ ಕೋಟಿನ ಜೇಬಿನಿಂದ ಕೈ ತೆಗೆದರು. ಅವರ ಮಟ್ಟಿಗೆ ಅದು ಚಪ್ಪಾಳೆ.

"ನೋವಾಯ್ತಾ?" ರೊದ್ಯಾ ಕೇಳಿದ.

"ಇಲ್ಲ."

ಇನ್ನರ್ಧ ಸುತ್ತು ಕೈ ಬಿಡಲಿಲ್ಲ. ಆಮೇಲೆ ಅಂದ, "ನಿನ್ನ ಬೆರಳು ಬೇರೆ ಹೇಳ್ತಲ್ಲ."

ನೋವಿನಲ್ಲಿ ನಗುವುದನ್ನು ಮುಖಕ್ಕೆ ಕಲಿಸಿದ್ದಾರೆ. ಬೆರಳಿಗೆ ಯಾರೂ ಕಲಿಸಲಿಲ್ಲ.

ಹೊರಗೆ, ಬೆಂಚಿನ ಮೇಲೆ: "ಉಲ್ಯಾ, ಕೋಚ್‌ಗೆ ನೀನೇ ಹೇಳು. ನನ್ನ ಬಾಯಿಂದ ಬರಲ್ಲ."

"ಎತ್ತೋದು ನೀನು, ಹೇಳೋದು ನಾನಾ?"

ಕೋಚ್ ಬಳಿ ಹೋಗಿ ಹೇಳಿದೆ, ಇನ್ನು ರೊದ್ಯಾ ಸ್ತೇಶಾ ಜೊತೆ ಅಂತ. ಅವರು ಕೈಗಳನ್ನು ಮತ್ತೆ ಜೇಬಿಗೆ ಹಾಕಿದರು.

"ಸೋಮವಾರ ಬಾ. ಆ ಹುಡುಗಿಗೆ ಹತ್ತಿರ ಬರೋದು ಕಲಿಸ್ಬೇಕು. ನನ್ನ ಕೈಲಾಗಲ್ಲ."

ಡಿಸೆಂಬರ್ 8

ಗಂಡಿನ ಪಾತ್ರ ನನ್ನದು. ಎಂದೂ ಮಾಡಿದ್ದಿಲ್ಲ. ಕಾಲಿಗೆ ಗೊತ್ತಿತ್ತು — ಅವನು ಎಲ್ಲಿ ಬಾಗುತ್ತಾನೆ, ಎಲ್ಲಿ ಉಸಿರೆಳೆಯುತ್ತಾನೆ. ಸ್ತೇಶಾಳ ಬೆನ್ನಿಗೆ ಕೈಯಿಟ್ಟು ಜಾರಿದೆ. ರೊದ್ಯಾ ಅಂಚಿಗೊರಗಿ ನೋಡುತ್ತಿದ್ದ.

"ನಿಮ್ಮ ಕಾಲಿಗೆ ಬ್ಲೇಡ್ ತಾಗುತ್ತೆ, ಉಲ್ಯಾನಾ."

"ತಾಗಲ್ಲ. ನೀನು ಬರೋಷ್ಟರಲ್ಲಿ ರೊದ್ಯಾನ ಮೊಣಕಾಲು ಅಲ್ಲಿಂದ ಹೋಗಿರುತ್ತೆ. ಬಾ."

ಬಂದಳು.

"ಇನ್ನೂ."

ಬಂದಳು. ಅವಳ ಉಸಿರು ಕುತ್ತಿಗೆಗೆ ತಾಗುವಷ್ಟು. ನಾನಿರುತ್ತಿದ್ದ ಜಾಗಕ್ಕೆ ಇನ್ನು ಸ್ವಲ್ಪವೇ ಬಾಕಿ.